ಒಂದು ಒತ್ತಕ್ಷರದ ಹಿಂದೆ ಎಷ್ಟು ಕೈ?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ಹುಡುಗಿಯೊಬ್ಬಳು ‘ಮಂಜೇಶ್ವರ’ ಎಂದು ಟೈಪ್ ಮಾಡುತ್ತಾಳೆ ಎನ್ನಿ. ‘ಶ್ವ’ಕ್ಕಾಗಿ ಕಂಪ್ಯೂಟರಿಗೆ ಸಿಗುವುದು ಮೂರು ಬಿಡಿ ಸಂಕೇತಗಳು: ಶ, ಅರ್ಧಾಕ್ಷರದ ಚಿಹ್ನೆ, ವ. ‘ವ’ವನ್ನು ಒತ್ತಾಗಿಸಿ ‘ಶ’ದ ಕೆಳಗೆ ಕೂರಿಸುವುದು ಹಾರ್ಫ್‌ಬಜ್ ಎಂಬ ಲೈಬ್ರರಿ, ಅಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡ್‌ನ ಕಟ್ಟು. ಶಾಲೆಯ ಲಿಬ್ರೆಆಫೀಸ್‌ನಲ್ಲಿ, ಫೈರ್‌ಫಾಕ್ಸ್‌ನಲ್ಲಿ, ಅವಳ ಅಪ್ಪನ ಆಂಡ್ರಾಯ್ಡ್ ಫೋನಿನಲ್ಲಿ ದುಡಿಯುವುದೂ ಅದೇ.

ಯಾರೋ ಬರೆದ ಲೈಬ್ರರಿಯನ್ನು ತಂದು ತಂತ್ರಾಂಶಕ್ಕೆ ಸೇರಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಹಾಗಿಲ್ಲದಿದ್ದರೆ ಕನ್ನಡದ ಒತ್ತಕ್ಷರವನ್ನು ಪ್ರತಿ ಕಂಪನಿಯೂ ಮೊದಲಿನಿಂದ ತಿದ್ದಬೇಕಾಗುತ್ತಿತ್ತು. ತಂದದ್ದು ಏನು, ಯಾವ ಆವೃತ್ತಿ, ಅದನ್ನು ನೋಡಿಕೊಳ್ಳುವವರು ಯಾರು ಎಂಬ ಲೆಕ್ಕ ಇಡದಿರುವುದೇ ತಪ್ಪು. ಕಾಸರಗೋಡು ಜಿಲ್ಲೆಯದೇ ಆದ ಬಾಯಾರಿನ ತೋಟದವರಿಗೆ, ನೀರಿಗಾಗಿ ಕೊರೆದ ತಮ್ಮ ಸುರಂಗದ ನೀರು ಯಾವ ಗುಡ್ಡದ ಹೊಟ್ಟೆಯಿಂದ ಬರುತ್ತದೆಂದು ಗೊತ್ತು, ಹೂಳು ತೆಗೆಯದಿದ್ದರೆ ಏನಾಗುತ್ತದೆಂದೂ ಗೊತ್ತು. ತಂತ್ರಾಂಶ ಕೊಳ್ಳುವ ನಮ್ಮ ಕಚೇರಿಗಳಿಗೆ ಅಷ್ಟು ತಿಳಿವಳಿಕೆಯಾದರೂ ಬೇಡವೇ?

ಈ ಲೆಕ್ಕ ಏಕೆ ಬೇಕೆಂಬುದಕ್ಕೆ ಒಂದು ನಿದರ್ಶನ. 2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಒಂದು ವಿಚಿತ್ರವನ್ನು ಗಮನಿಸಿದರು. ಅವರ ಯಂತ್ರಕ್ಕೆ ಲಾಗಿನ್ ಆಗಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿತ್ತು. ಬೆನ್ನು ಹತ್ತಿದಾಗ ಸಿಕ್ಕಿದ್ದು, ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝೆಡ್’ ಲೈಬ್ರರಿಯಲ್ಲಿ ಅಡಗಿಸಿಟ್ಟ ಕಳ್ಳದಾರಿ. ಸಂಬಳವಿಲ್ಲದೆ ಆ ಲೈಬ್ರರಿಯನ್ನು ವರ್ಷಗಟ್ಟಲೆ ಒಬ್ಬರೇ ಸಾಕಿಕೊಂಡು ಬಂದಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಬಂದವರು ಎರಡು ವರ್ಷಕ್ಕೂ ಹೆಚ್ಚು ಕಾಲ ನೆರವಾಗುತ್ತಾ ಅವರ ನಂಬಿಕೆ ಗಳಿಸಿದ್ದರು. ವಿಷ ಎಲ್ಲರೂ ಓದುವ ಮೂಲ ಕೋಡ್‌ನಲ್ಲಿ ಎದ್ದು ಕಾಣುವಂತಿರಲಿಲ್ಲ. ಪರೀಕ್ಷೆಗೆಂದು ಇಟ್ಟ ಕಡತಗಳಲ್ಲಿ ಅದು ಹುದುಗಿತ್ತು. ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇದ್ದ ಒಂದು ಸ್ಕ್ರಿಪ್ಟ್ ಬಿಲ್ಡ್ (ಕೋಡ್‌ನಿಂದ ತಂತ್ರಾಂಶ ಕಟ್ಟುವ ಕೆಲಸ) ನಡೆಯುವಾಗ ಅದನ್ನು ಹೊರಗೆಳೆದು ಬೆರೆಸುತ್ತಿತ್ತು.

ಕೆಟ್ಟದ್ದು ಎಕ್ಸ್‌ಝೆಡ್‌ನ 5.6.0 ಮತ್ತು 5.6.1 ಆವೃತ್ತಿಗಳು. ಕೇರಳದ ಶಾಲೆಗಳಿಗಾಗಿ ಕೈಟ್ ಸಂಸ್ಥೆ ಸಿದ್ಧಪಡಿಸಿದ ಗ್ನು/ಲಿನಕ್ಸ್‌ಗೆ ಉಬುಂಟುವಿನ ದೀರ್ಘಾವಧಿ ಆವೃತ್ತಿಯೇ ಬುಡ. ಅಂಥ ಆವೃತ್ತಿಯಾದ ಉಬುಂಟು 22.04ರಲ್ಲಿದ್ದದ್ದು ಎಕ್ಸ್‌ಝೆಡ್‌ನ ಹಳೆಯ 5.2.5. ಹೊಸದು ಬಂದ ದಿನವೇ ಎಳೆದುಕೊಳ್ಳದೆ, ಆವೃತ್ತಿಗೆ ಗಂಟು ಹಾಕಿ ಕೂತದ್ದು ಕಾಪಾಡಿತು.

ಹಾಗೆಂದು ಹಳೆಯದಕ್ಕೇ ಜೋತುಬೀಳುವಂತೆಯೂ ಇಲ್ಲ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಲೈಬ್ರರಿಯ ಬಿರುಕು ಬಯಲಾದಾಗ ತಿದ್ದಿದ ಆವೃತ್ತಿಗೆ ಬೇಗ ಬದಲಾಗದವರೇ ಸಿಕ್ಕಿಬಿದ್ದರು. ಆ ಲೈಬ್ರರಿ ತಮ್ಮಲ್ಲಿದೆಯೇ ಎಂಬುದೇ ಎಷ್ಟೋ ಸಂಸ್ಥೆಗಳಿಗೆ ಗೊತ್ತಿರಲಿಲ್ಲ, ಏಕೆಂದರೆ ಅದು ಅವರು ತಂದ ಲೈಬ್ರರಿಯೊಳಗಿನ ಇನ್ನೊಂದು ಲೈಬ್ರರಿಯೊಳಗಿತ್ತು. ಗಂಟು ಹಾಕಬೇಕು, ಯಾವಾಗ ಬಿಚ್ಚಬೇಕೆಂದು ನೋಡುತ್ತಲೂ ಇರಬೇಕು. ಇದು ನಿತ್ಯದ ಕೆಲಸ, ಅದಕ್ಕೆ ಜನ ಬೇಕು, ಸಂಬಳ ಬೇಕು.

ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರಿನಲ್ಲಿ ತಂತ್ರಾಂಶದ ಬಿಡಿಭಾಗಗಳ ಪಟ್ಟಿ ಹೇಗಿರಬೇಕೆಂದು ಮಾರ್ಗಸೂಚಿ ಹೊರಡಿಸಿದೆ. ಇನ್ನು ಅದನ್ನು ಪ್ರತಿ ಟೆಂಡರಿನ ಷರತ್ತಾಗಿ ಬರೆಯಬೇಕು. ಪಂಚಾಯತಿಗೆ, ಸಹಕಾರಿ ಬ್ಯಾಂಕಿಗೆ, ಆಸ್ಪತ್ರೆಗೆ ತಂತ್ರಾಂಶ ಮಾರುವವರು ಬಿಲ್ಲಿನ ಜೊತೆಗೇ ಆ ಪಟ್ಟಿಯನ್ನೂ ಕೊಡಲಿ, ಪ್ರತಿ ಪರಿಷ್ಕರಣೆಗೂ ಹೊಸ ಪಟ್ಟಿ ಬರಲಿ. ನಿರ್ವಹಣೆಯ ಮೊತ್ತದಲ್ಲಿ ಒಂದು ಪಾಲು ಹಾರ್ಫ್‌ಬಜ್‌ನಂಥ ಯೋಜನೆಗಳಿಗೂ ಸಲ್ಲಲಿ. ಮಂಜೇಶ್ವರದ ‘ಶ್ವ’ ಇಷ್ಟು ವರ್ಷ ನಾವು ಬಿಡಿಗಾಸೂ ಕೊಡದೆ ಸರಿಯಾಗಿ ಮೂಡುತ್ತಿರುವುದು ಅವುಗಳನ್ನು ನೋಡಿಕೊಳ್ಳುವವರಿಂದ.