ಟವರ್ ಬಂದರೆ ಸಾಕೇ? ಫೋನ್ ಯಾರ ಕೈಯಲ್ಲಿದೆ?

ಕೆಮ್ಮಣ್ಣುಗುಂಡಿಗೆ ಹೋದ ಪ್ರವಾಸಿಗರಿಗೆ ಮೊಬೈಲ್ ಸಿಗ್ನಲ್ ಸಿಗದಿದ್ದರೆ ಖುಷಿಯೇ. ಎರಡು ದಿನ ಆಫೀಸಿನ ಕಾಟ ಇಲ್ಲ. ಆದರೆ ಈ ಗುಡ್ಡಗಳ ಕಾಫಿ ತೋಟಗಳಲ್ಲಿ, ಲೈನ್ ಮನೆಗಳಲ್ಲಿ ಇದ್ದುಕೊಂಡು ಓದುವ ಮಕ್ಕಳಿಗೆ ಸಿಗ್ನಲ್ ಹೋದರೆ ಪಾಠವೇ ಹೋದ ಹಾಗೆ. ಮಳೆಗಾಲದಲ್ಲಂತೂ ಕರೆಂಟ್ ಹೋಗಿ, ಟವರಿನ ಬ್ಯಾಟರಿ ಖಾಲಿಯಾದರೆ ಮುಗೀತು.

2020ರಲ್ಲಿ ಶಾಲೆ ಮುಚ್ಚಿದಾಗ ಇದು ಎಲ್ಲರ ಕಣ್ಣಿಗೆ ಬಿತ್ತು. ಸರಕಾರ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠ ಹಾಕಿತು, 'ವಿದ್ಯಾಗಮ' ತಂದಿತು. ಮಲೆನಾಡಿನ ಮಕ್ಕಳು ಮಾತ್ರ ಕೊಡೆ ಹಿಡಿದು ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕಿದರು. ಈಗ ಟವರ್ ಕೇಳುವ ದನಿ ಜೋರಾಗಿದೆ. ಕೇಳಲೇಬೇಕು, ಅದು ಹಕ್ಕು.

ಆದರೆ ಇನ್ನೊಂದು ಲೆಕ್ಕ ನಮ್ಮ ಮನೆಯೊಳಗಿನದು. 28 ಗ್ರಾಮೀಣ ಜಿಲ್ಲೆಗಳ 14ರಿಂದ 18 ವಯಸ್ಸಿನ ಮಕ್ಕಳ ಬಗ್ಗೆ 2023ರ 'ಅಸರ್' ಸಮೀಕ್ಷೆ ನಡೆದಿತ್ತು. ಸುಮಾರು ಶೇ. 90 ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಬಳಸಲು ಬರುವವರ ಪೈಕಿ ಸ್ವಂತ ಫೋನ್ ಇದ್ದದ್ದು ಗಂಡುಮಕ್ಕಳಲ್ಲಿ ಶೇ. 44ರಷ್ಟು ಮಂದಿಗೆ, ಹೆಣ್ಣುಮಕ್ಕಳಲ್ಲಿ ಬರೀ ಶೇ. 20ರಷ್ಟು ಮಂದಿಗೆ.

ನಮ್ಮಲ್ಲಿ ಹೇಗಿದೆ? ಬಾಪ ಗಲ್ಫ್‌ನಲ್ಲಿ ಅಥವಾ ಅಂಗಡಿಯಲ್ಲಿ. ಆಧಾರ್‌ಗೆ ಜೋಡಿಸಿದ ನಂಬರ್ ಅವರ ಜೇಬಿನಲ್ಲಿ. ಮಗಳು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಲು ಕೂತರೆ ಒಟಿಪಿ ಹೋಗುವುದು ಅಲ್ಲಿಗೆ. ಕೊನೇ ದಿನ ಕಳೆದರೆ ಆ ವರ್ಷದ ಹಣ ಹೋಯ್ತು. ಮನೆಯಲ್ಲಿರುವ ಒಂದೇ ಫೋನ್ ಅಣ್ಣನ ಕೈಯಲ್ಲಿ, "ಹೆಣ್ಣುಮಕ್ಕಳಿಗೆ ಫೋನ್ ಯಾಕೆ?" ಎಂಬ ಮಾತು ಬೇರೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಆ್ಯಪ್‌ನಲ್ಲಿ ಇಂಗ್ಲಿಷ್. ಪಕ್ಕದಲ್ಲಿ ಕೂತು ಹೇಳಿಕೊಡುವವರೂ ಇಲ್ಲದಿದ್ದರೆ ಮಗು ರೀಲ್ಸ್ ನೋಡದೆ ಇನ್ನೇನು ಮಾಡೀತು?

ಪೋಷಕರ ಭಯ ಸುಳ್ಳಲ್ಲ. ಮೋಸ, ಕೆಟ್ಟ ಸಂದೇಶ ಎಲ್ಲ ಇವೆ. ಆದರೆ ಫೋನ್ ಬಚ್ಚಿಟ್ಟರೆ ಭಯ ಹೋಗದು, ಓದು ಮಾತ್ರ ಹೋಗುತ್ತದೆ. ಮಗನಿಗೂ ಮಗಳಿಗೂ ಒಂದೇ ನಿಯಮ ಇರಲಿ: ಸಂಜೆ ಇಷ್ಟು ಹೊತ್ತು, ಎಲ್ಲರೂ ಕೂತ ಜಾಗದಲ್ಲಿ, ಓದಿಗೆ ಮೊದಲು. ಆಧಾರ್‌ಗೆ ಊರಲ್ಲೇ ಇರುವ ಉಮ್ಮನ ನಂಬರ್ ಜೋಡಿಸೋಣ. ಜಮಾಅತ್‌ಗಳು ಸ್ಕಾಲರ್‌ಶಿಪ್ ಸಮಯದಲ್ಲಿ ಮದ್ರಸದ ಒಂದು ಕೋಣೆಯಲ್ಲಿ ಕಂಪ್ಯೂಟರ್ ಇಟ್ಟು, ಕಾಲೇಜು ಓದುವ ಇಬ್ಬರನ್ನು ಕೂರಿಸಿದರೆ ಎಷ್ಟೋ ಅರ್ಜಿ ಉಳಿಯುತ್ತವೆ.

ಟವರ್ ಕೊಡಬೇಕಾದವರು ಸರಕಾರ, ಕಂಪೆನಿಯವರು. ಫೋನ್ ಮಗಳ ಕೈಗೆ ಕೊಡಬೇಕಾದವರು ನಾವೇ.