ಶಾಲು ಹೊದಿಸಿದ್ರೆ ಮುಗೀತಾ?

ನಮ್ಮ ಜಡಿಗೇನಹಳ್ಳಿ ಕಡೆ ಯಾರಾದ್ರೂ ರಿಟೈರ್ ಆದ್ರೆ ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ. ನಾಲ್ಕು ಜನ ಹೊಗಳ್ತಾರೆ, ಫೋಟೋ ತೆಗೀತಾರೆ, ಊಟ ಆಗುತ್ತೆ. ಮಾರನೇ ದಿನ ಶಾಲು ಬೀರು ಸೇರುತ್ತೆ. ತಪ್ಪು ಅಂತಲ್ಲ. ಆದ್ರೆ ರೇಡಿಯೋದಲ್ಲಿ ಕೆಲ್ಸ ಮಾಡ್ತಾ ನಾಡಿನ ಹಳೇ ಕತೇನ ಕಾಪಾಡಿದೋರಿಗೆ ಅಷ್ಟೇ ಸಾಕಾ?

ನಾನು ಜ್ಯೋತ್ಸ್ನಾ ಕಾಮತ್ ಅವರನ್ನ ನೆನೆಸ್ಕೊಂಡು ಹೇಳ್ತಿದೀನಿ. 1937ರಲ್ಲಿ ಹುಟ್ಟಿದೋರು. ಮನೆ, ಸಂಸಾರ, ಊರಿಂದೂರಿಗೆ ವರ್ಗ ಆಗೋ ಆಕಾಶವಾಣಿ ಕೆಲ್ಸ, ಇದೆಲ್ಲದರ ಜೊತೇಲೇ ಇತಿಹಾಸದಲ್ಲಿ ಡಾಕ್ಟರೇಟ್ ಮಾಡಿದ್ರು. ನಿರ್ದೇಶಕಿ ಆಗಿ ನಿವೃತ್ತಿ ಆದ್ಮೇಲೂ ಬರೆಯೋದು ಬಿಡ್ಲಿಲ್ಲ. 2022ರಲ್ಲಿ ತೀರ್ಕೊಂಡ್ರು.

ಅವರು ಹುಡುಕಿದ ವಿಷಯ ಏನು ಗೊತ್ತಾ? ಯುದ್ಧ ಅಲ್ಲ, ಸಿಂಹಾಸನ ಅಲ್ಲ. ಸಾವಿರ ವರ್ಷದ ಹಿಂದೆ ಕರ್ನಾಟಕದ ಜನ ಏನು ಉಣ್ತಿದ್ರು, ಏನು ಉಡ್ತಿದ್ರು, ಎಂಥ ಒಡವೆ ಹಾಕ್ಕೋತಿದ್ರು, ಯಾವ ಆಟ ಆಡ್ತಿದ್ರು ಅಂತ ಶಾಸನ, ಹಳೇ ಕಾವ್ಯ ಎಲ್ಲಾ ಜಾಲಾಡಿ ತೆಗೆದ್ರು. ಅದು 1980ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಆಗಿ ಬಂತು. ಅಂದ್ರೆ ನಮ್ಮ ಅಡುಗೆಮನೇನೂ ಇತಿಹಾಸಾನೇ ಕಣ್ರಮ್ಮಾ. ನಾವು ಶಾಲೇಲಿ ಕಲಿತದ್ದು ಬರೀ ರಾಜರ ಇಸ್ವಿ.

ಈಗ ನನ್ನ ತಪ್ಪು ಹೇಳ್ತೀನಿ. ನಮ್ಮತ್ತೆಗೆ ರಾಗಿ ಹಗೇವಿನ ವಿಷಯ ಪೂರ್ತಿ ಗೊತ್ತಿತ್ತು. ನೆಲದಾಗೆ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ ಬಾಯಿ ಮುಚ್ಚಿದ್ರೆ ವರ್ಷಗಟ್ಲೆ ಹುಳ ಬೀಳ್ತಿರಲಿಲ್ಲ. ಬಾಯಿ ತೆಗೆದ ತಕ್ಷಣ ಯಾರೂ ಇಳಿಯಂಗಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತೆ, ಗಾಳಿ ಆಡೋಕೆ ಬಿಡ್ಬೇಕು ಅಂತ ಎಚ್ಚರ ಹೇಳೋರು. ಬೀಸೋ ಕಲ್ಲಿನ ಮುಂದೆ ಹೇಳೋ ಪದಗಳೂ ಎಷ್ಟೋ ಬರ್ತಿದ್ವು. ಮಗಳು ಎಷ್ಟು ಸಲ ಅಂದ್ಲು, "ಅಮ್ಮಾ, ಅಜ್ಜಿ ಹೇಳೋದ್ನ ರೆಕಾರ್ಡ್ ಮಾಡೇ" ಅಂತ. ನಾನು ಹಬ್ಬ ಮುಗೀಲಿ, ಅವರೆಕಾಯಿ ಕಾಲ ಮುಗೀಲಿ ಅಂದ್ಕೊಂಡೇ ಇದ್ದೆ. ಅತ್ತೆ ಹೋದ್ರು. ಈಗ ನನ್ನ ಫೋನಲ್ಲಿ ಉಳಿದಿರೋದು ಅವರ ಒಂದೇ ಒಂದು ವಾಯ್ಸ್ ಮೆಸೇಜು: "ಬರ್ತಾ ಎಲೆ ಅಡಿಕೆ ತಗೊಂಡ್ ಬಾರಮ್ಮಿ" ಅಂತ. ಪದ ಒಂದೂ ಇಲ್ಲ.

ಪಕ್ಕದ ಮನೆ ಅಕ್ಕ ಅಂದ್ರು, "ನಮ್ಮನೆ ಕತೆ ಯಾರಿಗೆ ಬೇಕೇ?" ಅಂತ. ಯಾರಿಗೂ ಬೇಡ ಅಂತ ಆವತ್ತಿನೋರು ಬರೆಯದೇ ಬಿಟ್ಟಿದ್ರೆ, ಹಳೇ ಕಾಲದ ಊಟ ಉಡುಪು ಕಾಮತ್ ಅವರಿಗೆ ಎಲ್ಲಿ ಸಿಕ್ತಿತ್ತು ಹೇಳಿ?

ಅದಕ್ಕೆ ನನ್ನ ಮಾತು ಇಷ್ಟೇ. ಇಂಥೋರಿಗೆ ಸನ್ಮಾನ ಅಂದ್ರೆ ಅವರ ಕೆಲ್ಸಾನ ನಾವು ಒಂದಿಷ್ಟು ಮುಂದುವರಿಸೋದು. ಈ ಭಾನುವಾರ ಮನೇಲಿರೋ ಹಿರಿಯರ ಹತ್ರ ಕೂತ್ಕೊಳ್ಳಿ. ಟೀವಿ, ಮಿಕ್ಸಿ ಆಫ್ ಮಾಡಿ. ಮೊದ್ಲು ದಿನಾಂಕ, ಅವರ ಹೆಸ್ರು, ಊರು ಹೇಳಿಸಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: "ನೀವು ಚಿಕ್ಕೋರಿದ್ದಾಗ ಮನೇಲಿ ಏನು ಅಡುಗೆ ಮಾಡ್ತಿದ್ರು?" ನಡುವೆ ಬಾಯಿ ಹಾಕ್ಬೇಡಿ. ಇನ್ನೊಂದು ಫೋನಿಗೂ ಕಳಿಸಿಡಿ.

ನಾನು ನಮ್ಮ ದೊಡ್ಡಮ್ಮನಿಂದ ಶುರು ಮಾಡ್ತೀನಿ. ಈ ಸಲ ಹಬ್ಬ ಮುಗೀಲಿ ಅನ್ನಲ್ಲ.