ಉಸಿರಿನ ಜೊತೆ ಓಡಾಡೋ ಗಡ್ಡೆಗೆ ಗುರಿ ಇಡೋದು ಹೇಗೆ?

ನಾವು ಉಸಿರು ಎಳೆದುಕೊಂಡಾಗ ವಪೆ ಅನ್ನೋ ಸ್ನಾಯು ಕೆಳಗಿಳಿಯುತ್ತೆ. ಅದರ ಕೆಳಗೇ ಇರೋ ಲಿವರ್ ಕೂಡ ಜೊತೆಗೇ ಇಳಿಯುತ್ತೆ, ಉಸಿರು ಬಿಟ್ಟಾಗ ಮೇಲೇರುತ್ತೆ. ಸುಮ್ಮನೆ ಮಲಗಿದ್ದರೂ ಈ ಓಡಾಟ ಸಾಮಾನ್ಯವಾಗಿ 1ರಿಂದ 2 ಸೆಂಟಿಮೀಟರ್.

ಲಿವರ್ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡುವವರ ತಲೆನೋವು ಇದೇ. ಗಡ್ಡೆ ಎಲ್ಲಿ ಹೋದರೂ ತಗುಲಲಿ ಅಂತ ಕಿರಣದ ವ್ಯಾಪ್ತಿ ಹೆಚ್ಚಿಸಿದರೆ, ಸುತ್ತಲಿನ ಒಳ್ಳೆಯ ಲಿವರ್‌ಗೂ ಪೆಟ್ಟು. ಈ ರೋಗಿಗಳಲ್ಲಿ ಹಲವರಿಗೆ ಮೊದಲೇ ಸಿರೋಸಿಸ್ ಇರುತ್ತೆ. ಉಳಿದಿರೋ ಒಳ್ಳೆಯ ಭಾಗವೇ ಅವರಿಗೆ ಆಧಾರ.

ಸಾದಾ ಎಕ್ಸ್‌ರೇಯಲ್ಲಂತೂ ಲಿವರ್‌ನ ಗಡ್ಡೆ ಕಾಣೋದೇ ಕಷ್ಟ. ಇದಕ್ಕೆ 1990ರ ದಶಕದ ಕೊನೆಯಲ್ಲಿ ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ತಂಡ ಒಂದು ದಾರಿ ಹುಡುಕಿತು. ಗಡ್ಡೆಯ ಹತ್ತಿರ 2 ಮಿಲಿಮೀಟರಿನ ಚಿನ್ನದ ಗುಂಡು ಇಡೋದು. ಚಿನ್ನ ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತೆ. ಸೆಕೆಂಡಿಗೆ 30 ಸಲ ಅದನ್ನು ನೋಡುತ್ತಾ, ಗೊತ್ತುಮಾಡಿದ ಜಾಗಕ್ಕೆ ಬಂದಾಗ ಮಾತ್ರ ಕಿರಣ ಬಿಡೋದು. ಈಗ ಗಡ್ಡೆಯನ್ನೇ ಹಿಂಬಾಲಿಸೋ ಸೈಬರ್‌ನೈಫ್, ಚಿಕಿತ್ಸೆ ನಡೆಯುವಾಗಲೇ ಎಂಆರ್‌ಐ ಚಿತ್ರ ತೋರಿಸೋ ಯಂತ್ರಗಳೂ ಇವೆ. ಕೆಲವು ಕಡೆ ರೋಗಿಗೆ ಉಸಿರು ಹಿಡಿಯಲು ಹೇಳಿ, ಅಷ್ಟು ಹೊತ್ತು ಮಾತ್ರ ಕಿರಣ ಬಿಡ್ತಾರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆ ಹೇಳಿದ್ದರೆ, ಯಂತ್ರದ ಹೆಸರು ಗೂಗಲ್ ಮಾಡೋದಕ್ಕಿಂತ ಡಾಕ್ಟರನ್ನು ಮೂರು ಪ್ರಶ್ನೆ ಕೇಳಿ. ಉಸಿರಾಟದ ಚಲನೆಯನ್ನು ಹೇಗೆ ನಿಭಾಯಿಸ್ತೀರಿ? ಚಿನ್ನದ ಗುರುತು ಹಾಕಬೇಕಾ? ಉಸಿರು ಹಿಡಿಯೋ ಅಭ್ಯಾಸ ಮೊದಲೇ ಮಾಡಿಸ್ತೀರಾ? ಗುರುತನ್ನು ಸೂಜಿ ಚುಚ್ಚಿ ಹಾಕೋದರಿಂದ, ಅಪ್ಪನೋ ಅಮ್ಮನೋ ರಕ್ತ ತೆಳುವಾಗಿಸೋ ಮಾತ್ರೆ ತಗೋತಿದ್ದರೆ ಅದನ್ನು ಮುಂಚೆಯೇ ಹೇಳಿಬಿಡಿ.